ಮೊದಲಕ್ಷರ ಯಾರದು?

ಕಾಲೇಜುಗಳ ರಸಪ್ರಶ್ನೆ ಸ್ಪರ್ಧೆಗಳಲ್ಲಿ ಕೇಳುವಂಥ ಒಂದು ಪ್ರಶ್ನೆಯಿದೆ: ಜಗತ್ತಿನ ಬೇರೆ ಬೇರೆ ದೇಶಗಳ, ಒಂದೇ ಅಕ್ಷರದಿಂದ ಆರಂಭವಾಗುವ, ಮದ್ಯವಲ್ಲದ ಐದು ಪಾನೀಯಗಳನ್ನು ಹೆಸರಿಸಿರಿ. ರೋಮನ್ ಲಿಪಿಯ 'ಸಿ' ಅಕ್ಷರವನ್ನು ಕೊಟ್ಟರೆ ಉತ್ತರ ಸುಲಭ: ಕಾಫಿ, ಕೋಕೋ, ಕೋಲಾ, ಚಾಯ್, ಚಾಕೊಲೇಟ್. ಚಪ್ಪಾಳೆ ಬೀಳುತ್ತದೆ, ಸ್ಪರ್ಧೆ ಮುಂದುವರಿಯುತ್ತದೆ. ಆದರೆ ಕನ್ನಡವನ್ನು ಐಚ್ಛಿಕವಾಗಿ ಆರಿಸಿಕೊಂಡ ವಿದ್ಯಾರ್ಥಿ ಅಷ್ಟಕ್ಕೆ ತೃಪ್ತನಾಗಬಾರದು. ಈ ಮೊದಲಕ್ಷರ ಯಾವ ಲಿಪಿಯದು, ಯಾರ ಬಾಯಿಯದು ಎಂಬ ಮರುಪ್ರಶ್ನೆ ಅಲ್ಲಿ ಏಳಬೇಕು. ಭಾಷಾ ಅಧ್ಯಯನ ಆರಂಭವಾಗುವುದು ಆ ಮರುಪ್ರಶ್ನೆಯಿಂದ.

ಆ ಐದು ಹೆಸರುಗಳನ್ನು ಕನ್ನಡ ವರ್ಣಮಾಲೆಗೆ ತಂದೊಡನೆ ಪಟ್ಟಿ ಇಬ್ಭಾಗವಾಗುತ್ತದೆ. ಕಾಫಿ, ಕೋಕೋ, ಕೋಲಾ ಕಂಠ್ಯವಾದ ಕವರ್ಗದಲ್ಲಿ ನಿಲ್ಲುತ್ತವೆ. ಚಾಯ್, ಚಾಕೊಲೇಟ್ ತಾಲವ್ಯವಾದ ಚವರ್ಗಕ್ಕೆ ಸರಿಯುತ್ತವೆ. ಕೋಕೋ ಮತ್ತು ಚಾಕೊಲೇಟ್ ಒಂದೇ ಮರದ ಬೀಜದ ಉತ್ಪನ್ನಗಳಾದರೂ ಇಲ್ಲಿ ಬೇರೆಯಾಗುತ್ತವೆ. ಇದಕ್ಕೆ ಪ್ರತಿಯಾಗಿ, ರೋಮನ್ ಲಿಪಿಯಲ್ಲಿ ದೂರ ಕುಳಿತ ಎರಡು ಹೆಸರುಗಳು ಕನ್ನಡದಲ್ಲಿ ಹತ್ತಿರ ಬರುತ್ತವೆ. ಕಾಫಿಯನ್ನು ಇಂಗ್ಲಿಷಿನವರು 'ಸಿ'ಯಿಂದ ಬರೆಯುತ್ತಾರೆ. ಕಹ್ವಾವನ್ನು 'ಕೆ' ಅಥವಾ 'ಕ್ಯೂ' ಅಕ್ಷರದಿಂದ ಬರೆಯುತ್ತಾರೆ. ಕನ್ನಡದಲ್ಲಿ ಎರಡಕ್ಕೂ ಕಕಾರವೇ. ಅಚ್ಚರಿಯೆಂದರೆ ಇವೆರಡೂ ನಿಜವಾದ ಬಂಧುಗಳು. ಅರಬ್ಬಿಯ ಕಹ್ವಾ ತುರ್ಕಿಯಲ್ಲಿ ಕಹ್ವೆಯಾಗಿ, ಯುರೋಪಿನ ನುಡಿಗಳಿಗೆ ಸಾಗಿ, ಇಂಗ್ಲಿಷಿನ ಮೂಲಕ ಕಾಫಿಯಾಗಿ ಕನ್ನಡಕ್ಕೆ ಬಂದಿತು. ಬೀಜ ಬಂದ ದಾರಿ ಬೇರೆ. ಬಾಬಾ ಬುಡನ್ ಅವರು ಏಳು ಬೀಜಗಳನ್ನು ಯೆಮೆನ್‌ನಿಂದ ಚಿಕ್ಕಮಗಳೂರಿನ ಬೆಟ್ಟಕ್ಕೆ ತಂದರೆಂದು ಐತಿಹ್ಯ ಹೇಳುತ್ತದೆ. ಬೆಳೆ ಒಂದು ಹಾದಿಯಲ್ಲಿ, ಹೆಸರು ಇನ್ನೊಂದು ಹಾದಿಯಲ್ಲಿ ಬಂದು ಒಂದೇ ಬಟ್ಟಲಿನಲ್ಲಿ ಕೂಡಿದವು.

ಹೆಸರು ಉಳಿದು ವಸ್ತು ಬದಲಾಗುವುದೂ ಉಂಟು. ಕಾಶ್ಮೀರದಲ್ಲಿ ಕಹ್ವಾ ಎಂದರೆ ಕಾಫಿಯಲ್ಲ. ಕೇಸರಿ, ಏಲಕ್ಕಿ, ಬಾದಾಮಿ ಸೇರಿಸಿ ಕುದಿಸಿದ ಹಸಿರು ಚಹಾ. ಹಳೆಯ ಅರಬ್ಬಿಯಲ್ಲಂತೂ ಅದೇ ಶಬ್ದಕ್ಕೆ ದ್ರಾಕ್ಷಾರಸದ ಮದ್ಯವೆಂಬ ಅರ್ಥವಿತ್ತು. ಮದ್ಯವಲ್ಲದ ಪಾನೀಯಗಳ ಪಟ್ಟಿಯಲ್ಲಿ ಇಂದು ನಿಸ್ಸಂಕೋಚವಾಗಿ ಕುಳಿತ ಹೆಸರಿಗೆ ಇಂಥ ಪೂರ್ವಾಶ್ರಮವಿದೆ.

ವಸ್ತು ಒಂದೇ ಉಳಿದು ಅಕ್ಷರ ಬದಲಾಗುವ ಉದಾಹರಣೆ ಇನ್ನೂ ಹತ್ತಿರದಲ್ಲಿದೆ. ಕೊಂಕಣದ ಕೋಕಮ್ ಹಣ್ಣಿನ ಸರಬತ್ತು ಮರಾಠಿ ಪಟ್ಟಿಯಲ್ಲಿ ಕಕಾರಕ್ಕೆ ಸೇರುತ್ತದೆ. ಅದೇ ಹಣ್ಣು ಉತ್ತರ ಕನ್ನಡದಲ್ಲಿ ಮುರುಗಲು, ದಕ್ಷಿಣ ಕನ್ನಡದಲ್ಲಿ ಪುನರ್ಪುಳಿ. ಒಂದು ಹಣ್ಣು, ಒಂದೇ ಬಣ್ಣದ ಪಾನಕ, ಮೂರು ಮೊದಲಕ್ಷರ. ಈಜಿಪ್ಟ್ ಮತ್ತು ಸುಡಾನಿನ ಕರ್ಕದೆ ಎಂಬ ಕೆಂಪು ಪಾನೀಯವೂ ಹೀಗೆಯೇ. ಪಟ್ಟಿಯಲ್ಲಿ ಓದುವಾಗ ಅದು ಪರದೇಶದ ಹೆಸರು. ಆದರೆ ಅದನ್ನು ಸಿದ್ಧಪಡಿಸುವ ಗಿಡ ಪುಂಡಿಯ ಕುಲಕ್ಕೆ ಸೇರಿದ್ದು. ಜತ್ತ, ಅಕ್ಕಲಕೋಟೆಗಳ ಮನೆಗಳಲ್ಲಿ ಪುಂಡಿಪಲ್ಯವೆಂದು ಎಲೆಯನ್ನು ಉಣ್ಣುತ್ತಾರೆ. ನೈಲ್ ನದಿಯ ದಂಡೆಯವರು ಹೂವಿನ ಕೆಂಪು ಪುಷ್ಪಪಾತ್ರೆಯನ್ನು ಒಣಗಿಸಿ, ನೆನೆಸಿ ಕುಡಿಯುತ್ತಾರೆ. ಅಕ್ಷರವನ್ನಷ್ಟೇ ನೋಡಿದವನಿಗೆ ಈ ನಂಟು ಕಾಣದು.

ಕಷಾಯ ಮತ್ತು ಕಾಢಾ ಎಂಬ ಜೋಡಿಯನ್ನು ನೋಡಬೇಕು. ನೆಗಡಿಯಾದಾಗ ಕನ್ನಡ ಮನೆಯಲ್ಲಿ ಕಷಾಯ, ಮರಾಠಿ ಮನೆಯಲ್ಲಿ ಕಾಢಾ. ಮೊದಲಕ್ಷರ ಒಂದೇ, ಅರ್ಥವೂ ಒಂದೇ. ಆದುದರಿಂದ ಒಂದು ಇನ್ನೊಂದರಿಂದ ಹುಟ್ಟಿರಬೇಕೆಂದು ಯಾರಾದರೂ ಊಹಿಸಬಹುದು. ಊಹೆ ತಪ್ಪು. ಕಷಾಯವೆಂಬುದು ಒಗರು ರಸವನ್ನೂ ಹೇಳುವ ಸಂಸ್ಕೃತ ಶಬ್ದ. ಕಾಢಾ ಎಂಬುದು ಕುದಿಸಿದ್ದು ಎಂಬರ್ಥದ 'ಕ್ವಾಥ'ದಿಂದ ಪ್ರಾಕೃತದ ಮೂಲಕ ಬಂದ ರೂಪ. ಒಂದು ರುಚಿಯಿಂದ ಪಡೆದ ಹೆಸರು, ಇನ್ನೊಂದು ಕ್ರಿಯೆಯಿಂದ ಪಡೆದದ್ದು. ಮೊದಲಕ್ಷರದ ಸಾಮ್ಯ ಎಲ್ಲಿ ಆಕಸ್ಮಿಕ, ಎಲ್ಲಿ ಎರವಲು, ಎಲ್ಲಿ ಸಮಾನ ಮೂಲದ ಫಲ ಎಂದು ಬಿಡಿಸಿ ಹೇಳುವುದೇ ಭಾಷಾ ವಿದ್ಯಾರ್ಥಿಯ ಕೆಲಸ.

ಇದು ಬರಿಯ ಪಾಂಡಿತ್ಯದ ಮಾತಲ್ಲ. ಗಡಿಯಾಚೆಯ ಕನ್ನಡ ವಿದ್ಯಾರ್ಥಿಗೆ ಇದರಲ್ಲಿ ಮಾನದ ಪ್ರಶ್ನೆಯಿದೆ. ಸೊಲ್ಲಾಪುರದ ಕಡೆಯ ಹುಡುಗಿ ಮನೆಯಲ್ಲಿ 'ಚಹಾ' ಎನ್ನುತ್ತಾಳೆ. ಪ್ರಬಂಧ ಬರೆಯುವಾಗ ಆ ಶಬ್ದ ಮರಾಠಿಯದೆಂದು ಅಳುಕಿ, ಹೊಡೆದುಹಾಕಿ, 'ಟೀ' ಎಂದು ತಿದ್ದುತ್ತಾಳೆ. ತಿದ್ದಿದೊಡನೆ ಬರವಣಿಗೆ ಶುದ್ಧವಾಯಿತೆಂದು ಭಾವಿಸುತ್ತಾಳೆ. ಈ ಎರಡು ಶಬ್ದಗಳ ಹಿಂದೆ ಇರುವುದು ಚೀನಿ ಭಾಷೆಯ ಒಂದೇ ಲಿಪಿಚಿಹ್ನೆ. ಕ್ಯಾಂಟನ್ ಕಡೆಯವರು ಅದನ್ನು 'ಚಾ' ಎಂದು ಉಚ್ಚರಿಸಿದರು. ಪೋರ್ಚುಗೀಸರು ಆ ರೂಪವನ್ನು ಪಡೆದರು. ಪರ್ಷಿಯನ್, ಹಿಂದಿ, ಮರಾಠಿಗಳಲ್ಲಿರುವುದೂ ಚಕಾರದ ರೂಪವೇ. ಅಮೋಯ್ ಬಂದರಿನ ಸೀಮೆಯವರು ಅದೇ ಚಿಹ್ನೆಯನ್ನು 'ತೆ' ಎಂದರು. ಡಚ್ಚರು ಅದನ್ನು ಕೊಂಡೊಯ್ದರು, ಇಂಗ್ಲಿಷರು 'ಟೀ' ಎಂದರು. ಒಂದು ಎರವಲನ್ನು ಅಳಿಸಿ ಇನ್ನೊಂದು ಎರವಲನ್ನು ಬರೆದವಳು ಯಾವ ಶುದ್ಧಿಯನ್ನು ಸಾಧಿಸಿದಳು?

ಬರವಣಿಗೆಗೆ ಒಂದು ಶಿಷ್ಟರೂಪ ಬೇಡವೇ ಎಂಬ ಆಕ್ಷೇಪಕ್ಕೆ ಅರ್ಥವಿದೆ. ಖಂಡಿತವಾಗಿ ಬೇಕು. ವಿಭಕ್ತಿ, ವಚನ, ವಾಕ್ಯರಚನೆಗಳಲ್ಲಿ ಮರಾಠಿಯ ಜಾಡು ಹತ್ತಿದಾಗ ತಿದ್ದಲೇಬೇಕು. ಅಲ್ಲಿ ರಿಯಾಯಿತಿ ಸಲ್ಲದು. ಆದರೆ 'ಟೀ' ಶಿಷ್ಟ, 'ಚಹಾ' ಅಶಿಷ್ಟ ಎನ್ನಲು ಭಾಷಾಶಾಸ್ತ್ರದಲ್ಲಿ ಆಧಾರವಿಲ್ಲ. ಬೆಳಗಾವಿ, ವಿಜಯಪುರ, ಧಾರವಾಡಗಳ ಕನ್ನಡಿಗರೂ ಚಹಾ ಎಂದೇ ಅನ್ನುತ್ತಾರೆ. ರಾಜ್ಯದೊಳಗೆ ಕನ್ನಡವಾದ ಶಬ್ದ ಗಡಿ ದಾಟಿದೊಡನೆ ಪರಭಾಷೆಯಾಗುವುದು ಹೇಗೆ? ಇಂಗ್ಲಿಷಿನ ಎರವಲಿಗೆ ಮರ್ಯಾದೆ, ನೆರೆಮನೆಯ ಎರವಲಿಗೆ ನಾಚಿಕೆ ಎಂಬುದು ಭಾಷಾಭಿಮಾನವಲ್ಲ; ಅದು ಕೀಳರಿಮೆ.

ಆದುದರಿಂದ ಕನ್ನಡ ವಿಭಾಗದ ವಿದ್ಯಾರ್ಥಿಗಳು ಈ ವರ್ಷ ಬೇರೆ ಬಗೆಯ ಪಟ್ಟಿಯೊಂದನ್ನು ಸಿದ್ಧಪಡಿಸುವುದು ಒಳಿತು. ತಮ್ಮ ಮನೆಗಳಲ್ಲಿ ಕುಡಿಯುವ ಪಾನೀಯಗಳ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಲಿ: ಹೆಸರು, ಊರು, ಅದರಲ್ಲಿ ಬೀಳುವ ಪದಾರ್ಥ, ಮರಾಠಿಯಲ್ಲಿ ಅದಕ್ಕಿರುವ ಶಬ್ದ. ಬರೆದ ಮೇಲೆ ನಿಘಂಟು ತೆರೆಯಲಿ. ಅಂಬಲಿ, ಮಜ್ಜಿಗೆ, ಪಾನಕ, ಕಷಾಯ, ಚಹಾ ಯಾವ ಯಾವ ಅಕ್ಷರದ ಕೆಳಗೆ ಕೂರುತ್ತವೆ, ಅಲ್ಲಿಗೆ ಎಲ್ಲಿಂದ ಬಂದವು ಎಂದು ನೋಡಲಿ. ರಸಪ್ರಶ್ನೆಯ ಪಟ್ಟಿ ಬಹುಮಾನದೊಂದಿಗೆ ಮುಗಿಯುತ್ತದೆ. ಈ ಪಟ್ಟಿ ತಯಾರಾದ ಮೇಲೆ, ಮುಂದಿನ ಪ್ರಬಂಧದಲ್ಲಿ 'ಚಹಾ' ಎಂದು ಬರೆಯುವ ಕೈ ಅಳುಕಲಾರದು.