ಒಡೆಯುವ ಮೊದಲೇ ಸದ್ದು ಕೇಳಬೇಕು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ರೈತರು ಅಟ್ಟದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಗಿಟುಕು ಲೊಡಲೊಡ ಅಂದರೆ ಕೊಬ್ಬರಿ ಆಗಿದೆ. ವಿಮಾನದ ದತ್ತಾಂಶ ಪರಿಶೀಲನೆಯೂ ಇಂಥದೇ: ಸುಖವಾಗಿ ಮುಗಿದ ಹಾರಾಟದ ವೇಗ, ಎತ್ತರ, ನೆಲ ಮುಟ್ಟಿದ ಜಾಗ ನೋಡಿ ಪೈಲಟ್‌ನ ರೂಢಿತಪ್ಪನ್ನು ಮೊದಲೇ ತಿದ್ದುವುದು.

ಹಾಗೆ ತಿದ್ದುವುದು ಏಕೆ ಮುಖ್ಯವೆಂದು ಒಂದು ದುರಂತ ತೋರಿಸುತ್ತದೆ. 2010ರ ಮೇ 22ರಂದು ದುಬೈನಿಂದ ಮಂಗಳೂರಿಗೆ ಬಂದ ವಿಮಾನ ತೀರಾ ಎತ್ತರದಲ್ಲಿ, ಅತಿವೇಗದಲ್ಲಿ ಬಂದು, ಅರ್ಧಕ್ಕೂ ಹೆಚ್ಚು ರನ್‌ವೇ ದಾಟಿದ ಮೇಲೆ ನೆಲ ಮುಟ್ಟಿತು. ಮತ್ತೆ ಮೇಲೇರೋಣವೆಂದು ಸಹಪೈಲಟ್ ಎಚ್ಚರಿಸಿದ್ದರು. 158 ಜನ ಸತ್ತರು, ಉಳಿದವರು 8.

ದತ್ತಾಂಶ ಬೆತ್ತವಾಗಬಾರದು. ಗಡುಸಾಗಿ ಇಳಿಸಿದರೆ ನೋಟಿಸ್ ಬರುತ್ತದೆಂದು ಅಂಜುವ ಪೈಲಟ್, ಮೆತ್ತಗಿಳಿಸಲು ಹೋಗಿ ರನ್‌ವೇ ಕಳೆದುಕೊಳ್ಳುತ್ತಾರೆ. ವಿಮಾನ ಸಂಸ್ಥೆಗಳು ದತ್ತಾಂಶವನ್ನು ತರಬೇತಿಗೆ ಬಳಸಲಿ. ಮತ್ತೊಂದು ಸುತ್ತು ಹಾಕಿ ಇಳಿಸಿದವರನ್ನು ತಡವಾಯಿತೆಂದು ಯಾರೂ ದೂರದಿರಲಿ.