ಜೂಜುತಾಣಕ್ಕೆ ಸರ್ವರ್ ಬಾಡಿಗೆ: ಹೊಣೆ ಯಾರದು?

ಮನೆ ಬಾಡಿಗೆಗೆ ಕೊಟ್ಟವನು ಒಳಗೆ ನಡೆಯುವ ಜೂಜಿಗೆ ಹೊಣೆಗಾರನೇ? ಕರ್ನಾಟಕ ಪೊಲೀಸ್ ಕಾಯ್ದೆ, 1963 ಈ ಪ್ರಶ್ನೆಗೆ ಎಂದೋ ಉತ್ತರ ಹೇಳಿದೆ. ತಿಳಿದೂ ತಿಳಿದೂ ತನ್ನ ಮನೆಯನ್ನು ಜೂಜಿನ ಅಡ್ಡೆಯಾಗಲು ಬಿಟ್ಟ ಮಾಲೀಕನೂ 79ನೇ ಕಲಂ ಪ್ರಕಾರ ಶಿಕ್ಷಾರ್ಹ. ಈಗ ಮನೆಯ ಜಾಗದಲ್ಲಿ ಸರ್ವರ್ ಬಂದಿದೆ. ಬಾಡಿಗೆದಾರ ಯಾವ ದೇಶದಲ್ಲಿರುವನೋ ತಿಳಿಯದು. ಬಾಡಿಗೆಗೆ ಕೊಟ್ಟವನು ಮಾತ್ರ ರಾಜಾಜಿನಗರದಲ್ಲೋ ವಿಜಯನಗರದಲ್ಲೋ ಪೊಲೀಸರ ಕೈಗೆ ಸಿಗುವಷ್ಟು ಹತ್ತಿರದಲ್ಲಿರುತ್ತಾನೆ.

ಪಶ್ಚಿಮ ಬೆಂಗಳೂರಿಗೆ ಈ ವಿವಾದ ಹೊಸದಲ್ಲ. 2021ರ ಅಕ್ಟೋಬರ್ 5ರಂದು ರಾಜ್ಯದ ತಿದ್ದುಪಡಿ ಕಾಯ್ದೆ ಜಾರಿಗೆ ಬಂದ ಕೆಲವೇ ದಿನಗಳಲ್ಲಿ, ಕ್ಯಾಬ್ ಚಾಲಕರೊಬ್ಬರ ದೂರಿನ ಮೇಲೆ ಅನ್ನಪೂರ್ಣೇಶ್ವರಿನಗರ ಠಾಣೆಯಲ್ಲಿ ಡ್ರೀಮ್ ಇಲೆವೆನ್ ಸ್ಥಾಪಕರ ವಿರುದ್ಧ ಪ್ರಕರಣ ದಾಖಲಾಯಿತು. ಸಂಸ್ಥೆ ರಾಜ್ಯದಲ್ಲಿ ತನ್ನ ವ್ಯವಹಾರ ಸ್ಥಗಿತಗೊಳಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್, ಕೌಶಲದ ಆಟಗಳನ್ನೂ ಜೂಜಿನ ಸಾಲಿಗೆ ಸೇರಿಸಿದ್ದ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದುಪಡಿಸಿತು.

ಆದರೆ ಆ ತೀರ್ಪಿನ ನೆರಳಿನಲ್ಲಿ ಈಗ ನಿಶ್ಚಿಂತೆಯಿಂದಿರಲಾಗದು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಕೌಶಲ, ಅದೃಷ್ಟ ಎಂಬ ಭೇದವನ್ನೇ ಅಳಿಸಿ, ಹಣ ಕಟ್ಟಿ ಹಣದಾಸೆಯಿಂದ ಆಡುವ ಎಲ್ಲ ಆಟಗಳನ್ನೂ ನಿಷೇಧಿಸುತ್ತದೆ. ಕಾಯ್ದೆಯನ್ನು ಮೊದಲು ಪ್ರಶ್ನಿಸಿದ್ದು ಕರ್ನಾಟಕ ಹೈಕೋರ್ಟ್‌ನಲ್ಲಿ. ಸುಪ್ರೀಂ ಕೋರ್ಟ್ ಆ ವರ್ಷದ ಸೆಪ್ಟೆಂಬರ್‌ನಲ್ಲಿ ಅರ್ಜಿಗಳನ್ನು ತನ್ನಲ್ಲಿಗೆ ವರ್ಗಾಯಿಸಿಕೊಂಡಿತು.

ಹೋಸ್ಟಿಂಗ್ ಉದ್ಯಮಿಗಳು ಗಮನಿಸಬೇಕಾದುದು 5ನೇ ಕಲಮನ್ನು. ಆಟ ನಡೆಸುವುದಷ್ಟೇ ಅಲ್ಲ, ಅದಕ್ಕೆ ನೆರವು, ಕುಮ್ಮಕ್ಕು ನೀಡುವುದನ್ನೂ ಅದು ನಿಷೇಧಿಸುತ್ತದೆ. ಶಿಕ್ಷೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಪರಾಧವು ಜಾಮೀನುರಹಿತ, ಆಡುವವನಿಗೆ ಮಾತ್ರ ಶಿಕ್ಷೆಯಿಲ್ಲ.

ಹಾಗಾದರೆ ಸರ್ವರ್ ಮಾಲೀಕನಿಗೆ ರಕ್ಷಣೆಯೇ ಇಲ್ಲವೇ? ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000 ಹೋಸ್ಟಿಂಗ್ ಸೇವೆಯನ್ನು 'ಮಧ್ಯವರ್ತಿ' ಎಂದೇ ಹೆಸರಿಸಿ, 79ನೇ ಕಲಂ ಮೂಲಕ ಅನ್ಯರ ವಿಷಯವಸ್ತುವಿನ ಹೊಣೆಯಿಂದ ವಿನಾಯಿತಿ ನೀಡಿದೆ. ನ್ಯಾಯಾಲಯದ ಆದೇಶ ಅಥವಾ ಸರ್ಕಾರದ ಅಧಿಸೂಚನೆ ತಲುಪಿದಾಗಲೇ ಮಧ್ಯವರ್ತಿಗೆ ವಿಷಯ 'ತಿಳಿಯಿತು' ಎಂದು ಭಾವಿಸತಕ್ಕದ್ದೆಂದು ಸುಪ್ರೀಂ ಕೋರ್ಟ್ 2015ರ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದರೆ ಸಂಚು, ನೆರವು, ಪ್ರಚೋದನೆ ಸಾಬೀತಾದರೆ ಈ ವಿನಾಯಿತಿ ಉಳಿಯದು.

ಸಣ್ಣ ಸಂಸ್ಥೆಗಳು ಎಡವುವುದು ಇಲ್ಲಿಯೇ. ದೊಡ್ಡ ಕಂಪನಿಯಿಂದ ಸಗಟಾಗಿ ಸ್ಥಳ ಪಡೆದು ಚಿಲ್ಲರೆಯಾಗಿ ಮಾರುವವನು ಬರಿಯ ಜಾಗ ಕೊಟ್ಟು ಸುಮ್ಮನಿರುವುದಿಲ್ಲ. ತಾಣದ ವಿನ್ಯಾಸ ಅವನದೇ, ಪಾವತಿ ವ್ಯವಸ್ಥೆ ಜೋಡಿಸಿದವನೂ ಅವನೇ. ಒಂದು ವಿಳಾಸ ತಡೆಹಿಡಿಯಲ್ಪಟ್ಟರೆ ಮರುದಿನ ಮತ್ತೊಂದು ವಿಳಾಸ ಸಿದ್ಧಪಡಿಸಿಕೊಡುವವನೂ ಅವನೇ. ಇವೆಲ್ಲ ಒಂದೇ ಬಿಲ್ಲಿನಲ್ಲಿ ಸೇರಿದ್ದರೆ 'ನನಗೇನೂ ತಿಳಿಯದು' ಎಂಬ ವಾದ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ತಡೆ ಆದೇಶ ಪಾಲಿಸದ ಮಧ್ಯವರ್ತಿಗೆ 69ಎ ಕಲಂ ಅನ್ವಯ ಏಳು ವರ್ಷಗಳವರೆಗೆ ಸೆರೆವಾಸವಿದೆ ಎಂಬುದನ್ನೂ ಮರೆಯುವಂತಿಲ್ಲ.

ದಾಖಲೆಯ ಹೊಣೆ ಬೇರೆ ಇದೆ. ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ದತ್ತಾಂಶ ಕೇಂದ್ರಗಳು, ಕ್ಲೌಡ್ ಮತ್ತು ವರ್ಚುವಲ್ ಸರ್ವರ್ ಸೇವೆಯವರು ಗ್ರಾಹಕರ ದೃಢೀಕೃತ ವಿವರಗಳನ್ನು ಐದು ವರ್ಷ, ಲಾಗ್‌ಗಳನ್ನು 180 ದಿನ ಕಾದಿಡಬೇಕು. ಸುಳ್ಳು ಹೆಸರಿನ ಗ್ರಾಹಕನಿಗೆ ಸೇವೆ ಕೊಟ್ಟವನು ತನಿಖಾಧಿಕಾರಿಗೆ ತೋರಿಸಲು ಉಳಿಯುವ ಏಕೈಕ ಹೆಸರು ತನ್ನದೇ.

ಆದ್ದರಿಂದ ಗ್ರಾಹಕನ ಗುರುತು ಪರಿಶೀಲಿಸದೆ ಸೇವೆ ಆರಂಭಿಸದಿರುವುದು, ಹಣದ ಆಟಗಳಿಗೆ ಅವಕಾಶವಿಲ್ಲವೆಂದು ಕರಾರಿನಲ್ಲಿ ಬರೆಯುವುದು, ಆದೇಶ ಬಂದ ಕೂಡಲೇ ತಾಣ ಸ್ಥಗಿತಗೊಳಿಸುವುದು ಕ್ಷೇಮ. ಸ್ಥಗಿತಗೊಳಿಸುವುದೆಂದರೆ ಅಳಿಸಿಹಾಕುವುದಲ್ಲ, ತನಿಖೆಗೆ ಬೇಕಾದ ದತ್ತಾಂಶ ಅಳಿಸಿದರೆ ಸಾಕ್ಷ್ಯನಾಶದ ಹೊಸ ಆರೋಪ ಬೆನ್ನಿಗೆ ಬೀಳುತ್ತದೆ.

ಗ್ರಾಹಕನ ಪ್ರತಿಯೊಂದು ಪುಟವನ್ನೂ ಕಾಯುವುದು ಸಣ್ಣ ಉದ್ಯಮಿಯಿಂದ ಆಗದ ಮಾತು. ಕಾನೂನೂ ಅದನ್ನು ಕೇಳುತ್ತಿಲ್ಲ. ಆದರೆ 79ನೇ ಕಲಂನ ರಕ್ಷಣೆ ವಿಚಾರಣೆಯ ವೇಳೆ ಮಂಡಿಸುವ ವಾದ. ಜಾಮೀನುರಹಿತ ಅಪರಾಧದಲ್ಲಿ ಬಂಧನ ಅದಕ್ಕೂ ಮೊದಲೇ ಆಗಬಹುದು. ತಿಂಗಳಿಗೆ ಕೆಲವು ಸಾವಿರ ರೂಪಾಯಿಯ ಬಾಡಿಗೆಗೆ ಈ ಅಪಾಯ ತಕ್ಕುದೇ ಎಂಬ ಲೆಕ್ಕವನ್ನು ಕರಾರಿಗೆ ಸಹಿ ಹಾಕುವ ಮುನ್ನವೇ ಮಾಡಬೇಕು.