ಪಾಸ್ ಇದೆ, ಬಸ್ ಎಲ್ಲಿ?

ಮಿರ್ಲೆಯಂಥ ಹೋಬಳಿ ಊರಿನಲ್ಲಿ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವವರಿಗೆ ಎರಡು ಬಗೆಯ ಮಕ್ಕಳು ಕಾಣುತ್ತಾರೆ. ಒಂದು ಬಗೆಯವರನ್ನು ಹಳದಿ ವ್ಯಾನ್ ಮನೆ ಬಾಗಿಲಿಗೇ ಬಂದು, ಹಾರನ್ ಹೊಡೆದು ಹತ್ತಿಸಿಕೊಂಡು ಹೋಗುತ್ತದೆ. ಇನ್ನೊಂದು ಬಗೆಯವರು ರಸ್ತೆ ಬದಿ ನಿಂತು, ಕೆಂಪು ಬಸ್ ಬಂದೀತೇ, ಬಂದರೂ ನಿಂತೀತೇ ಅಂತ ಕತ್ತು ಉದ್ದ ಮಾಡಿ ನೋಡುತ್ತಿರುತ್ತಾರೆ. ಕೊನೆಗೆ ಬರೆಯೋ ಎಸ್ಸೆಸ್ಸೆಲ್ಸಿ ಪರೀಕ್ಷೆ ಇಬ್ಬರಿಗೂ ಒಂದೇ!

ಹಳ್ಳಿಯ ಸರ್ಕಾರಿ ಶಾಲೆ ಯಾಕೆ ಬರಿದಾಗುತ್ತಿದೆ ಎಂದು ಸಭೆ ಸಮಾರಂಭಗಳಲ್ಲಿ ಭಾಷಣಕ್ಕೇನೂ ಕೊರತೆ ಇಲ್ಲ. ಇಂಗ್ಲಿಷ್ ಮೋಹ ಅಂತಾರೆ. ಮೋಹ ಇದೆ, ಇಲ್ಲ ಎಂದವರಾರು? ಆದರೆ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಬ್ಯಾರನ್ ಕಾಯುವ ಅಪ್ಪ, ಕೆ.ಆರ್.ನಗರದ ನಾಲೆ ಬಯಲಲ್ಲಿ ನಾಟಿಗೆ ಹೋಗುವ ಅವ್ವ, ಇವರಿಗೆ ಬೆಳಗ್ಗೆ ಎದ್ದರೆ ಮೊದಲ ಚಿಂತೆ ಒಂದೇ: ಮಗೂನ ಶಾಲೆಗೆ ಮುಟ್ಟಿಸೋರು ಯಾರು? ಹೆಣ್ಣುಮಗು ಕಬ್ಬಿನ ಗದ್ದೆ ನಡುವೆ ಒಂಟಿಯಾಗಿ ನಡೆದು ಹೋಗುವುದಕ್ಕಿಂತ, ಸಾಲ ಮಾಡಿಯಾದರೂ ವ್ಯಾನ್ ಫೀಸು ಕಟ್ಟೋದೇ ವಾಸಿ ಎಂದುಕೊಂಡರೆ ಅದು ತಪ್ಪೇ? ಎಷ್ಟೋ ಮನೆಗಳಲ್ಲಿ ಶಾಲೆಯನ್ನು ಆರಿಸಿದ್ದು ಮೇಷ್ಟರೂ ಅಲ್ಲ, ಮೋಹವೂ ಅಲ್ಲ. ವ್ಯಾನು!

ಆ ವ್ಯಾನಾದರೂ ಸುರಕ್ಷಿತವೇ? 2016ರ ಜೂನ್ 21ರಂದು ಕುಂದಾಪುರ ತಾಲ್ಲೂಕಿನ ತ್ರಾಸಿ ಬಳಿ ಶಾಲಾ ಮಕ್ಕಳ ಪುಟ್ಟ ವ್ಯಾನಿಗೂ ಬಸ್ಸಿಗೂ ಡಿಕ್ಕಿಯಾಗಿ ಎಂಟು ಮಕ್ಕಳು ಸತ್ತರು. ಶಾಲಾ ವಾಹನಗಳಿಗೆಂದೇ ರಾಜ್ಯದಲ್ಲಿ 2012ರಲ್ಲೇ ನಿಯಮ ಬಂದಿತ್ತು. ಇಂಥದ್ದೊಂದು ಆದ ಮೇಲೆ ಒಂದು ವಾರ ತಪಾಸಣೆ ಜೋರು, ಆಮೇಲೆ ಮಾಮೂಲು. ಒಂದೊಂದು ವ್ಯಾನಿನಿಂದ ಎಷ್ಟು ತಲೆ ಇಳೀತವೆ ಅನ್ನೋದು ಅಂಗಡಿ ಕಟ್ಟೆ ಮೇಲೆ ಕೂತವರಿಗೆ ಗೊತ್ತು.

ಇತ್ತ ಕೆಂಪು ಬಸ್ಸಿನ ಕತೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳಿಗೆ ಟಿಕೆಟ್ ಕಾಸಿನ ಚಿಂತೆ ತಪ್ಪಿತು. ಒಳ್ಳೆಯದೇ ಆಯಿತು, ಅದನ್ನು ಆಡಿಕೊಳ್ಳುವವರ ಜೊತೆ ಈ ಅಂಕಣ ಸೇರುವುದಿಲ್ಲ. ಆದರೆ ಹತ್ತುವವರು ಹೆಚ್ಚಿದಷ್ಟು ಹಳ್ಳಿ ರೂಟಿಗೆ ಬಸ್ ಹೆಚ್ಚಲಿಲ್ಲ. ತುಂಬಿದ ಬಸ್ಸು ಮಕ್ಕಳ ಗುಂಪು ಕಂಡರೆ ಒಂದು ಫರ್ಲಾಂಗ್ ಮುಂದೆ ಹೋಗಿ ನಿಲ್ಲುತ್ತದೆ, ಇಲ್ಲವೇ ನಿಲ್ಲುವುದೇ ಇಲ್ಲ. ಹಣ ಕಟ್ಟಿ ಪಾಸ್ ಮಾಡಿಸಿದ ಹುಡುಗ ಅದನ್ನು ಜೇಬಲ್ಲಿಟ್ಟುಕೊಂಡೇ ಮೊದಲ ಪೀರಿಯಡ್ ಕಳೆದುಕೊಳ್ಳುತ್ತಾನೆ. ಡ್ರೈವರನ್ನು ಬೈದರೆ ಏನು ಬಂತು? ಅವನ ಹಿಂದೆ ನೂರು ಜನ ಜೋತು ಬಿದ್ದಿರುತ್ತಾರೆ.

ತೊಡಕು ಇರುವುದು ಬಸ್ಸಿನ ವೇಳೆ ಗೊತ್ತು ಮಾಡುವ ಕಡೆ. ಡಿಪೋದವರು ಕಿಲೋಮೀಟರ್ ನೋಡುತ್ತಾರೆ, ಹೆಡ್‌ಮಾಸ್ತರು ಗಂಟೆ ನೋಡುತ್ತಾರೆ. ಇಬ್ಬರೂ ಒಂದೇ ಮೇಜಿಗೆ ಕೂರುವುದು ಅಪರೂಪ. ಯಾವ ಊರಿಂದ ಎಷ್ಟು ಮಕ್ಕಳು ಎಂದು ಹೊಸದಾಗಿ ಸರ್ವೆ ಬೇಕಾಗಿಲ್ಲ. ಸೇವಾಸಿಂಧುವಿನಲ್ಲಿ ಪಾಸಿಗೆ ಅರ್ಜಿ ಹಾಕುವಾಗ ಎಲ್ಲಿಂದ ಎಲ್ಲಿಗೆ ಎಂದು ಮಕ್ಕಳೇ ಬರೆದುಕೊಟ್ಟಿರುತ್ತಾರೆ. ಆದರೆ ಒಂದು ಎಚ್ಚರಿಕೆ: ಹೆಣ್ಣುಮಕ್ಕಳು ಬಹುಪಾಲು ಶಕ್ತಿಯಲ್ಲೇ ಓಡಾಡುವುದರಿಂದ ಪಾಸಿನ ಲೆಕ್ಕಕ್ಕೆ ಬರುವುದಿಲ್ಲ. ಅವರನ್ನು ಹಾಜರಿ ಪುಸ್ತಕ ನೋಡಿಯೇ ಎಣಿಸಬೇಕು. ಇಲ್ಲದಿದ್ದರೆ ಅರ್ಧ ಮಕ್ಕಳು ಕಾಗದದಲ್ಲಿ ಮಾಯ.

ಬಸ್ ಹೋಗದ ಊರುಗಳ ಪಾಡು ಬೇರೆ. ಒಂದರಿಂದ ಐದನೇ ತರಗತಿಗೆ 1 ಕಿಲೋಮೀಟರ್, ಎಂಟರವರೆಗೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕೆಂದು ಶಿಕ್ಷಣ ಹಕ್ಕಿನ ನಿಯಮ ಹೇಳುತ್ತದೆ. ಹತ್ತಿರ ಶಾಲೆ ಇಲ್ಲದ ಮಗುವಿನ ಓಡಾಟಕ್ಕೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ವರ್ಷಕ್ಕೆ 6000 ರೂಪಾಯಿವರೆಗೆ ಕೊಡಲು ಅವಕಾಶ ಇದೆ. ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 600. ಒಂದು ಮಗುವಿನ 600ಕ್ಕೆ ಯಾವ ಆಟೋ ಬಂದೀತು? ಅದೇ ಅಕ್ಕಪಕ್ಕದ ಊರಿನ ಹತ್ತು ಮಕ್ಕಳದ್ದು ಕೂಡಿಸಿದರೆ 6000 ಆಗುತ್ತೆ. ಒಂದಲ್ಲ ಎರಡು ಟ್ರಿಪ್ ಹೊಡೆಯೋಕೆ ಹೋಬಳಿಯಲ್ಲಿ ಗಾಡಿ ಸಿಗದೇ ಹೋದೀತೇ? ಎಸ್‌ಡಿಎಂಸಿಗಳು ಒಟ್ಟುಗೂಡಿ ಗೊತ್ತು ಮಾಡುವುದು ಅಂಥಾ ಬ್ರಹ್ಮವಿದ್ಯೆಯೇನಲ್ಲ.

ಎಚ್.ಡಿ.ಕೋಟೆಯ ಕಾಡಂಚಿನ ಹಾಡಿಗಳಲ್ಲಂತೂ ತಡವಾದ ಸಂಜೆ ಬಸ್ಸೆಂದರೆ ಆನೆ ದಾರಿಯಲ್ಲಿ ಮಕ್ಕಳ ನಡಿಗೆ. ಅಲ್ಲಿ ಅರ್ಧ ಗಂಟೆಯ ಬೆಲೆ ಬೇರೆ. 2006ರಲ್ಲಿ ಶುರುವಾಗಿದ್ದ 8ನೇ ತರಗತಿಯ ಸೈಕಲ್ ಹಂಚಿಕೆಯೂ ಕೊರೊನಾ ಕಾಲಕ್ಕೆ ನಿಂತಿತು. ಅಂಥ ದಾರಿಯಲ್ಲಿ ಸೈಕಲ್ ಕೂಡ ಬಸ್ಸಿಗೆ ಬದಲಿಯಾಗುತ್ತಿರಲಿಲ್ಲ, ಆ ಮಾತು ಬೇರೆ.

ಶಾಲೆ ಬಾಗಿಲು ತೆರೆಯುವುದು ಮೇ ತಿಂಗಳ ಕೊನೆಗೆ. ಜೂನ್ ಬಂದ ಮೇಲೆ ಮನವಿ, ಜುಲೈನಲ್ಲಿ ರಸ್ತೆ ತಡೆ, ಆಗಸ್ಟಿನಲ್ಲಿ ಪರಿಶೀಲನೆ ಎಂಬ ಹಳೇ ರಾಗ ಸಾಕು. ಏಪ್ರಿಲ್‌ನಲ್ಲೇ ಹೆಡ್‌ಮಾಸ್ತರುಗಳ ಪಟ್ಟಿ ಬಿಇಒ ಕಚೇರಿ ಮೂಲಕ ಡಿಪೋ ಮ್ಯಾನೇಜರ್ ಮೇಜಿಗೆ ಮುಟ್ಟಲಿ. ಬೆಳಗ್ಗೆ ಒಂದು, ಸಂಜೆ ಒಂದು ಬಸ್ಸಿನ ವೇಳೆಯನ್ನು ಶಾಲೆ ಗಂಟೆಗೆ ಹೊಂದಿಸಿ, ಅದನ್ನು ದಪ್ಪ ಅಕ್ಷರದಲ್ಲಿ ಬರೆದು ನಿಲ್ದಾಣದಲ್ಲಿ ಅಂಟಿಸಲಿ. ಬಸ್ ಬಂತೋ ಇಲ್ಲವೋ ಎಂದು ನೋಡಿಕೊಳ್ಳುವುದಕ್ಕೆ ಎದುರಿನ ಅಂಗಡಿಯವರು ಇದ್ದೇ ಇದ್ದಾರೆ.